ಹಲಸಿನ ಹಪ್ಪಳ ಆನ್‌ಲೈನ್ ಮಾರಾಟ: 16 ವರ್ಷಕ್ಕೆ ಆಗ್ತದಾ?

ಪ್ರಶ್ನೆ: ಉಡುಪಿ, ಫಸ್ಟ್ ಪಿಯುಸಿ. ಅಮ್ಮ ಮಾಡುವ ಹಪ್ಪಳ ಇನ್‌ಸ್ಟಾಗ್ರಾಮಲ್ಲಿ ಮಾರಬೇಕೂಂತ ಉಂಟು. ಪೇಮೆಂಟ್ ಗೇಟ್‌ವೇ (ಆನ್‌ಲೈನಲ್ಲಿ ಹಣ ಪಡೆಯುವ ಸೇವೆ) ನನ್ನ ಹೆಸರಲ್ಲಿ ಸಿಗ್ತದಾ?

ಉತ್ತರ 1: ಇಲ್ಲ. 18 ತುಂಬದವರ ಕರಾರು ಕಾನೂನಲ್ಲಿ ನಿಲ್ಲುವುದಿಲ್ಲ. ಖಾತೆ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಎರಡೂ ಅಮ್ಮನ ಹೆಸರಲ್ಲೇ ಮಾಡಿಸು. ಆ 14 ಅಂಕೆಯ ನಂಬ್ರ ಲೇಬಲ್ಲಲ್ಲಿ ಬೇಕು.

ಉತ್ತರ 2: ಪೆಟ್ಟು ಬೀಳುವುದು ಕೊರಿಯರಲ್ಲಿ ಮಾರಾಯ. ಡಬ್ಬದ ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿ, ಬಂದದ್ದನ್ನು ಕಿಲೋ ತೂಕ ಅಂತ ಹಿಡೀತಾರೆ. 30×20×15 ಡಬ್ಬ ಅಂದ್ರೆ 1.8 ಕಿಲೋ. ಒಳಗೆ ಅರ್ಧ ಕಿಲೋ ಹಪ್ಪಳ ಇದ್ರೂ ಬಿಲ್ಲು 1.8ಕ್ಕೇ. ಹಪ್ಪಳದ ಅಳತೆಗೆ ಸರಿಯಾದ ಡಬ್ಬವೇ ತಾ.

ಉತ್ತರ 3: ಬಿಸಿಲಿಂದ ತೆಗೆದು ತಣಿದ ಮೇಲೆ ಸೀಲ್ ಮಾಡು. ಬಿಸಿ ಇರುವಾಗ ಮುಚ್ಚಿದ್ರೆ ಒಳಗೇ ಬೆವರಿ ಬೂಷ್ಟು ಬರ್ತದೆ. ಮುರಿದ್ರೆ 'ಟಪ್' ಅನ್ನಬೇಕು. ಬಾಗಿದ್ರೆ ಇನ್ನೊಂದು ಬಿಸಿಲು. ಆಟಿಯಲ್ಲಂತೂ (ಜೋರು ಮಳೆಯ ತುಳು ತಿಂಗಳು) ಪ್ಯಾಕಿಂಗ್ ಬೇಡವೇ ಬೇಡ.