ಪದಚರ್ಚೆ: ಮರಾಠಿಯ ‘ಘಸಾರಾ’ಕ್ಕೆ ನಿಮ್ಮ ಕಡೆ ಏನನ್ನುತ್ತಾರೆ?

ಎಲ್ಲರಿಗೂ ನಮಸ್ಕಾರ.

ಪುಣೆಯಲ್ಲಿರುವ ನಾವೊಂದಿಷ್ಟು ಕನ್ನಡಿಗರು ಚಳಿಗಾಲದಲ್ಲಿ ಕಾತ್ರಜ್‌ನಿಂದ ಸಿಂಹಗಡದವರೆಗೆ ಗುಡ್ಡದ ಮೇಲಿಂದಲೇ ನಡೆದು ಹೋಗುತ್ತೇವೆ. ಕಾತ್ರಜ್‌ನ ಹಳೆಯ ಸುರಂಗದ ಹತ್ತಿರ ಹತ್ತಲು ಶುರು ಮಾಡಿದರೆ 13 ಗುಡ್ಡ ಹತ್ತಿಳಿಯಬೇಕು ಅಂತ ಇಲ್ಲಿನವರ ಲೆಕ್ಕ. ಹೆಚ್ಚಿನವರು ಬೆಳದಿಂಗಳ ರಾತ್ರಿ ಹೋಗುತ್ತಾರೆ, ನಾವು ಹಗಲಲ್ಲಿ. ಹೊಸಬರಿಗೆ ದಾರಿ ಹೇಗಿದೆ ಅಂತ ಕನ್ನಡದಲ್ಲಿ ಬರೆದು ವಾಟ್ಸಾಪ್‌ಗೆ ಹಾಕುವ ಕೆಲಸ ನನ್ನದು. ಅಲ್ಲಿ ಒಂದು ಪದಕ್ಕೆ ಒದ್ದಾಡುತ್ತಿದ್ದೇನೆ.

ಮರಾಠಿಯವರು ‘ಘಸಾರಾ’ ಅಂದುಬಿಡುತ್ತಾರೆ. ಕಡಿದಾದ ಇಳಿಜಾರು, ಅದರ ಮೇಲೆಲ್ಲ ಸಡಿಲವಾದ ಸಣ್ಣ ಕಲ್ಲು. ಇಲ್ಲಿನ ಬಸಾಲ್ಟ್ ಬಂಡೆ ಪುಡಿಯಾಗಿ ಆದ ಮುರುಮ್ ಅದು. ಮಳೆಗಾಲದಲ್ಲಿ ಹಸಿ ಹುಲ್ಲು ಅದನ್ನು ಸ್ವಲ್ಪ ಹಿಡಿದಿಟ್ಟಿರುತ್ತದೆ. ಡಿಸೆಂಬರ್ ಹೊತ್ತಿಗೆ ಕಾಲಿಟ್ಟಲ್ಲೆಲ್ಲ ಹರಳು ಉರುಳುತ್ತದೆ. ಹಿಮ್ಮಡಿ ಒತ್ತಿ, ಅಡ್ಡಡ್ಡ ಹೆಜ್ಜೆ ಹಾಕಿ ಇಳಿಯಬೇಕು. ಪಕ್ಕದ ಒಣಹುಲ್ಲಿನ ಮೇಲೆ ಹೋಗೋಣ ಅಂದರೆ ಅದು ಇನ್ನೂ ಜಾರು. ಕೆಲವರು ಸುಮ್ನೆ ಕೂತೇ ಇಳಿಯುತ್ತಾರೆ, ಪ್ಯಾಂಟಿನ ಗತಿ ಆಮೇಲೆ ನೋಡಿಕೊಂಡರಾಯ್ತು.

‘ದಾರಿ ಜಾರುತ್ತದೆ’ ಅಂತ ಬರೆದರೆ ಮಲೆನಾಡಿನವರಿಗೆ ಪಾಚಿ, ಕೆಸರೇ ಕಣ್ಣಿಗೆ ಬರುತ್ತದೆ. ಶಿರಸಿ ಕಡೆಯವರೊಬ್ಬರು ‘ಮಳೆಯೇ ಇಲ್ಲ, ಎಲ್ಲಿಂದ ಬಂತು ಜಾರಿಕೆ?’ ಅಂತ ಕೇಳಿದರು. ಕೇಳಿದ್ದು ಸರಿಯೇ ಅಲ್ವಾ?

‘ಜಲ್ಲಿ’ ಅಂದರೆ ಕಾಂಕ್ರೀಟಿಗೆ ಹಾಕುವ ಜಲ್ಲಿ. ‘ಕುಸಿತ’ ಅಂದರೆ ಮನೆಯವರು ಕಳಿಸುವುದೇ ಇಲ್ಲ. ‘ನೊರಜುಗಲ್ಲು’ ನನಗೆ ಇಷ್ಟ, ಆದರೆ ಅದು ಕಲ್ಲಿನ ಹೆಸರು, ಇಳಿಜಾರಿನದ್ದಲ್ಲ. ಇನ್ನೊಂದು ಮಜಾ: ಮರಾಠಿ ಲೆಕ್ಕಪತ್ರದಲ್ಲೂ ‘ಘಸಾರಾ’ ಇದೆ, ಅದು ನಮ್ಮ ‘ಸವಕಳಿ’, ಅಂದರೆ ವಸ್ತು ಹಳತಾದಂತೆ ಇಳಿಯುವ ಬೆಲೆ. ಬ್ಯಾಂಕಿನಲ್ಲಿರುವ ಗೆಳೆಯರೊಬ್ಬರು ಅದನ್ನೇ ಹಾಕಿ ಅಂದರು. ‘ಮುಂದೆ ಸವಕಳಿ ಇದೆ, ಹುಷಾರು’ ಅಂತ ಓದಿದವರು ಬೂಟು ನೋಡಿಕೊಂಡಾರು!

ಸದ್ಯಕ್ಕೆ ‘ಗರಸು ಜಾರು’ ಅಂತ ಬರೆಯುತ್ತಿದ್ದೇನೆ. ಗರಸು ಅಂದರೆ ಮುರುಮ್‌ನಂಥದ್ದೇ ಸಣ್ಣ ಕಲ್ಲುಮಣ್ಣು. ಧಾರವಾಡ, ಬೆಳಗಾವಿಯವರಿಗೆ ಥಟ್ಟನೆ ಗೊತ್ತಾಗುತ್ತದೆ, ಹೊಲದ ದಾರಿಗೆ ಟ್ರ್ಯಾಕ್ಟರ್‌ಗಟ್ಟಲೆ ಗರಸು ಹಾಕಿಸಿದವರು ಅವರು. ಮೈಸೂರಿನವರು ‘ಗರಸು ಅಂದ್ರೇನು?’ ಅನ್ನುತ್ತಾರೆ. ಚಿತ್ರದುರ್ಗ, ಬಳ್ಳಾರಿ, ಪಾವಗಡದ ಕಡೆಯವರು ದಯವಿಟ್ಟು ಹೇಳಿ. ಅಲ್ಲಿ ಕುರಿ ಕಾಯುವವರು ಇಂಥ ಗುಡ್ಡ ದಿನಾ ಇಳಿಯುತ್ತಾರೆ, ಅವರ ಬಾಯಲ್ಲಿ ಒಂದು ಮಾತು ಇದ್ದೇ ಇರುತ್ತದೆ. ಪದ ಮಾತ್ರ ಬೇಡ, ಅವರು ಆಡುವ ವಾಕ್ಯವನ್ನೇ ಊರಿನ ಹೆಸರಿನ ಜೊತೆ ಬರೆಯಿರಿ.

ಜೊತೆಗೆ ಇನ್ನೊಂದು. ಎರಡು ಗುಡ್ಡಗಳ ನಡುವಿನ ತಗ್ಗಿಗೆ ಇಲ್ಲಿ ‘ಖಿಂಡ’ ಅನ್ನುತ್ತಾರೆ. ನಾನು ‘ಕಣಿವೆ’ ಅಂತಲೇ ಬರೆಯುತ್ತೇನೆ. ಹಿರಿಯೂರಿನ ಹತ್ತಿರ ಎರಡು ಗುಡ್ಡಗಳ ನಡುವೆ ವೇದಾವತಿ ಹಾಯುವ ಜಾಗ ಮಾರಿಕಣಿವೆ ಆಗಿದೆಯಲ್ಲ, ಅದೇ ಧೈರ್ಯ. ಆದರೆ ಹುಡುಗರು ‘ಅಷ್ಟು ಕೆಳಗೆ ಇಳೀಬೇಕಾ?’ ಅಂತ ಗಾಬರಿ ಬೀಳುತ್ತಾರೆ. ‘ಕಿಂಡಿ’ ಅಂದರೆ ತೀರಾ ಚಿಕ್ಕದಾಗುತ್ತದೆ.

ಮುಂದಿನ ನಡಿಗೆ ಜನವರಿಯಲ್ಲಿದೆ. ಅಷ್ಟರೊಳಗೆ ಬಂದ ಪದಗಳನ್ನು ಈ ಸಲದ ಟಿಪ್ಪಣಿಯಲ್ಲೇ ಹಾಕಿ ನೋಡುತ್ತೇನೆ.