‘ಲಾ’ಗೂ ‘ಲೆಜಿಸ್ಲೇಷನ್‌’ಗೂ ಕನ್ನಡದಲ್ಲಿ ಒಂದೇ ಪದ ಸಾಕೇ?

ಪ್ರಶ್ನೆ: ಅರ್ಥಶಾಸ್ತ್ರಜ್ಞ ಫ್ರೀಡ್ರಿಕ್ ಹಯೆಕ್ ಅವರ ‘ಲಾ, ಲೆಜಿಸ್ಲೇಷನ್ ಅಂಡ್ ಲಿಬರ್ಟಿ’ಯ ಮೊದಲ ಎರಡು ಸಂಪುಟಗಳಿಂದ (1973, 1976) ಕೆಲವು ಭಾಗ ಕನ್ನಡಕ್ಕೆ ತರುವ ಕೆಲಸ ಪುಸ್ತಕದ ಹೆಸರಿನಲ್ಲೇ ಸಿಕ್ಕಿಕೊಂಡಿದೆ. ನಿಘಂಟು ತೆರೆದರೆ ಮೊದಲ ಪದಕ್ಕೆ ಕಾನೂನು, ಕಾಯಿದೆ, ಶಾಸನ. ಎರಡನೆಯದಕ್ಕೂ ಶಾಸನ, ಕಾನೂನು ರಚನೆ. ಲೇಖಕರ ವಾದ ನಿಂತಿರುವುದೇ ಇವೆರಡೂ ಬೇರೆ ಎಂಬುದರ ಮೇಲೆ. ‘ರೂಲ್ ಆಫ್ ಲಾ’ಗೆ ‘ಕಾನೂನು ವ್ಯವಸ್ಥೆ’, ‘ಸ್ಪಾಂಟೇನಿಯಸ್ ಆರ್ಡರ್‌’ಗೆ ‘ಸ್ವಯಂಪ್ರೇರಿತ ವ್ಯವಸ್ಥೆ’ ಎಂದು ಸದ್ಯಕ್ಕೆ ಹಾಕಿದ್ದೇನೆ. ಮಾರುಕಟ್ಟೆಯ ಕೊಡುಕೊಳ್ಳುವಿಕೆಯಿಂದ ಮೂಡುವ ಕ್ರಮಕ್ಕೆ ಅವರು ಬಳಸುವ ‘ಕೆಟಲಾಕ್ಸಿ’ಯನ್ನು ಹಾಗೇ ಬಿಟ್ಟಿದ್ದೇನೆ. ತಿಳಿದವರು ತಿದ್ದಬೇಕು.

ಉತ್ತರ: ಮೊದಲು ಹೆಸರಿನ ಗಂಟು ಬಿಚ್ಚೋಣ. ಹಯೆಕ್ ಹೇಳುವ ‘ಲಾ’ ಯಾರೋ ಕೂತು ಬರೆದದ್ದಲ್ಲ. ಜನ ಬಾಳುತ್ತ ಬಾಳುತ್ತ ಪಾಲಿಸಿಕೊಂಡು ಬಂದದ್ದು. ವ್ಯಾಜ್ಯ ಎದ್ದಾಗ ನ್ಯಾಯಾಧೀಶರು ಹುಡುಕಿ ತೆಗೆದು ಮಾತಿನಲ್ಲಿ ಇಡುವಂಥದ್ದು. ಅದಕ್ಕೆ ಅವರು ಗ್ರೀಕಿನ ‘ನೊಮೊಸ್’ ಪದ ಹಿಡಿಯುತ್ತಾರೆ. ‘ಲೆಜಿಸ್ಲೇಷನ್’ ಎಂದರೆ ಒಂದು ಉದ್ದೇಶ ಇಟ್ಟುಕೊಂಡು ಅಧಿಕಾರದಲ್ಲಿರುವವರು ವಿಧಿಸುವುದು, ‘ಥೆಸಿಸ್’. ಈ ಎರಡನೆಯದಕ್ಕೆ ‘ಶಾಸನ’ ಹೇಳಿ ಮಾಡಿಸಿದ ಪದ. ‘ಶಾಸ್’ ಧಾತುವಿನಲ್ಲೇ ಅಪ್ಪಣೆ ಇದೆ. ಕಲ್ಲಿನ ಮೇಲಿನ ಶಾಸನವಾಗಲಿ, ಶಾಸಕರು ಮಾಡುವ ಶಾಸನವಾಗಲಿ, ಹೊರಡಿಸಿದವರು ಒಬ್ಬರು ಹಿಂದೆ ಇದ್ದೇ ಇರುತ್ತಾರೆ. ಮೊದಲನೆಯದಕ್ಕೆ ‘ಕಾನೂನು’ ಇರಲಿ. ಅದು ನಮಗೆ ಅರಬ್ಬಿ ಮೂಲದಿಂದ ಬಂತು, ಅರಬ್ಬಿಗೆ ಗ್ರೀಕಿನ ‘ಕನೋನ್’ನಿಂದ. ಕನೋನ್ ಎಂದರೆ ಅಳತೆಗೋಲು. ಅಳತೆಗೋಲು ಗೋಡೆ ಎಲ್ಲಿ ಕಟ್ಟಬೇಕೆಂದು ಹೇಳುವುದಿಲ್ಲ, ಕಟ್ಟಿದ್ದು ನೆಟ್ಟಗಿದೆಯೇ ಎಂದಷ್ಟೇ ತೋರಿಸುತ್ತದೆ. ಹಯೆಕ್‌ಗೆ ಬೇಕಾದದ್ದೂ ಇದೇ.

‘ಕಾಯಿದೆ’ಯನ್ನು ಬಿಡಿಬಿಡಿಯಾದ ಆಕ್ಟ್‌ಗಳಿಗೆ ಮೀಸಲಿಡಿ. ಸರ್ಕಾರಿ ಕನ್ನಡದಲ್ಲಿ ಅದೇ ‘ಅಧಿನಿಯಮ’, ಅದರ ಅಡಿಯಲ್ಲಿ ಹೊರಡುವವು ‘ನಿಯಮಗಳು’. ಹೀಗೆ ಮೂರೂ ಪದಗಳನ್ನು ಅವುಗಳ ಕೋಣೆಯಲ್ಲಿ ಕೂರಿಸಿದರೆ, ಮೊದಲ ಸಂಪುಟದ ಮುಖ್ಯ ಮಾತು ‘ಕಾನೂನು ಶಾಸನಕ್ಕಿಂತ ಹಳೆಯದು’ ಎಂದು ಸಲೀಸಾಗಿ ಬರುತ್ತದೆ. ಎರಡಕ್ಕೂ ‘ಕಾನೂನು’ ಹಾಕಿದಿರೋ, ಓದುಗ ಅದನ್ನು ಅಚ್ಚಿನ ದೋಷ ಅಂದುಕೊಳ್ಳುತ್ತಾನೆ.

ಇದೇ ಪದದ ಅರ್ಥದ ಮೇಲೆ ನಮ್ಮ ಸುಪ್ರೀಂ ಕೋರ್ಟಿನಲ್ಲಿ ವಾದ ನಡೆದಿದೆ. ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನದ ಪ್ರಕಾರವಲ್ಲದೆ ಯಾರ ಜೀವವನ್ನಾಗಲಿ ವೈಯಕ್ತಿಕ ಸ್ವಾತಂತ್ರ್ಯವನ್ನಾಗಲಿ ಕಸಿಯುವಂತಿಲ್ಲ ಎನ್ನುತ್ತದೆ ಸಂವಿಧಾನದ 21ನೇ ಅನುಚ್ಛೇದ. ಇಲ್ಲಿ ‘ಕಾನೂನು’ ಎಂದರೆ ಏನು? ಮುನ್ನೆಚ್ಚರಿಕೆ ಬಂಧನವನ್ನು ಪ್ರಶ್ನಿಸಿದ್ದ ಎ.ಕೆ. ಗೋಪಾಲನ್ ಪ್ರಕರಣದಲ್ಲಿ, 1950ರಲ್ಲಿ, ಬಹುಮತದ ತೀರ್ಪು ಅದನ್ನು ಪ್ರಭುತ್ವ ಮಾಡಿದ ಕಾನೂನು ಎಂದು ಓದಿತು. ಎರಡೂ ಕಡೆಯ ಮಾತು ಕೇಳಬೇಕು ಎಂಬಂಥ ಸಹಜ ನ್ಯಾಯದ ತತ್ವಗಳನ್ನು ಆ ಪದದೊಳಗೆ ಬಿಟ್ಟುಕೊಳ್ಳಲಿಲ್ಲ. ಪಾಸ್‌ಪೋರ್ಟ್ ಜಪ್ತಿಯ ಮೇನಕಾ ಗಾಂಧಿ ಪ್ರಕರಣದಲ್ಲಿ, 1978ರಲ್ಲಿ, ಆ ಕಾರ್ಯವಿಧಾನ ನ್ಯಾಯವೂ ಸಮಂಜಸವೂ ಆಗಿರಬೇಕು, ಮನಬಂದಂತೆ ಇರಕೂಡದು ಎಂದಾಯಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ, ‘ಶಾಸನ’ ಎಂದು ಓದಿದ್ದ ಪದವನ್ನು ‘ಕಾನೂನು’ ಎಂದು ಓದಲು 28 ವರ್ಷ ಹಿಡಿಯಿತು.

‘ರೂಲ್ ಆಫ್ ಲಾ’ಗೆ ‘ಕಾನೂನು ವ್ಯವಸ್ಥೆ’ ಬೇಡವೇ ಬೇಡ. ಪತ್ರಿಕೆ ಓದುವವರ ಕಿವಿಗೆ ಅದು ‘ಕಾನೂನು ಸುವ್ಯವಸ್ಥೆ’ಯಾಗಿ ಕೇಳಿಸಿ, ಲಾಠಿ ಹಿಡಿದ ಪೊಲೀಸರು ಕಣ್ಣಮುಂದೆ ಬರುತ್ತಾರೆ. ‘ಕಾನೂನಿನ ಆಳ್ವಿಕೆ’ ಸರಿ. ಅನುಮಾನ ಬಂದರೆ ‘ಆಳು’ ಕ್ರಿಯಾಪದದ ಕರ್ತೃ ಯಾರು ಎಂದು ನೋಡಿ. ‘ಒಡೆಯರ ಆಳ್ವಿಕೆ’ ಎಂದರೆ ಒಡೆಯರು ಆಳುತ್ತಾರೆ. ‘ಕಾನೂನಿನ ಆಳ್ವಿಕೆ’ ಎಂದರೆ ಕಾನೂನು ಆಳುತ್ತದೆ, ಅಧಿಕಾರಿಯೂ ಅದರ ಪ್ರಜೆ. ಇಂಗ್ಲೆಂಡಿನ ಕಾನೂನು ಪಂಡಿತ ಡೈಸಿ 1885ರಲ್ಲಿ ಬಿಡಿಸಿ ಹೇಳಿದ್ದೂ ಬಹುಮಟ್ಟಿಗೆ ಇದನ್ನೇ: ಸಾಮಾನ್ಯ ನ್ಯಾಯಾಲಯದಲ್ಲಿ ಕಾನೂನು ಮುರಿದದ್ದು ಸಾಬೀತಾಗದೆ ಶಿಕ್ಷೆಯಿಲ್ಲ, ಪ್ರಧಾನಿಗೂ ಪೊಲೀಸ್ ಪೇದೆಗೂ ಒಂದೇ ಕಾನೂನು. ‘ರೂಲ್ ಬೈ ಲಾ’ ಬಂದಾಗ ಕರ್ತೃ ಬದಲಾಗುತ್ತಾನೆ. ಅಲ್ಲಿ ದೊರೆ ಆಳುತ್ತಾನೆ, ಕಾನೂನು ಅವನ ಕೈಯ ದೊಣ್ಣೆ. ಅದಕ್ಕೆ ‘ಕಾನೂನು ಹಿಡಿದು ಆಳುವುದು’ ಎಂದು ಬರೆಯಿರಿ.

ಅಂದಹಾಗೆ, ಆರ್ಡಿನೆನ್ಸಿಗೆ ಕಡತದ ಕನ್ನಡ ‘ಅಧ್ಯಾದೇಶ’ ಎಂದರೂ ಪತ್ರಿಕೆಗಳು ಬಿಡದೆ ‘ಸುಗ್ರೀವಾಜ್ಞೆ’ ಎನ್ನುತ್ತವೆ. ತಿಂಗಳೊಳಗೆ ಸೀತೆಯನ್ನು ಹುಡುಕಿ ಬನ್ನಿ, ತಡವಾದರೆ ತಲೆ ಉಳಿಯದು ಎಂದ ಅರಸನ ಹೆಸರನ್ನೇ ಹೊತ್ತ ಪದ. ‘ಥೆಸಿಸ್’ಗೆ ಉದಾಹರಣೆ ಕೊಡಬೇಕಾದ ಅಡಿಟಿಪ್ಪಣಿಯಲ್ಲಿ ಇದನ್ನು ಬಳಸಿಕೊಳ್ಳಬಹುದು.

ಈಗ ‘ಸ್ಪಾಂಟೇನಿಯಸ್ ಆರ್ಡರ್’, ಅಂದರೆ ಯಾರೂ ಯೋಜಿಸದೆ ಬೆಳೆದು ನಿಂತ ಕ್ರಮ. ‘ಸ್ವಯಂಪ್ರೇರಿತ’ ಎಂದಕೂಡಲೇ ನೆನಪಾಗುವುದು ಸ್ವಯಂಪ್ರೇರಿತ ದೂರು, ಸ್ವಯಂಪ್ರೇರಿತ ರಕ್ತದಾನ. ಅಲ್ಲೆಲ್ಲ ಪ್ರೇರಣೆಗೊಂಡ ಒಬ್ಬ ವ್ಯಕ್ತಿ ಇದ್ದಾನೆ. ಹಯೆಕ್‌ರ ಕ್ರಮಕ್ಕೆ ಅಂಥ ಒಡೆಯನೇ ಇಲ್ಲ. ‘ವ್ಯವಸ್ಥೆ’, ‘ಏರ್ಪಾಡು’ ಎರಡೂ ಇದೇ ಗುಂಡಿಗೆ ಬೀಳುತ್ತವೆ. ಊಟದ ವ್ಯವಸ್ಥೆ ಎಂದರೆ ಯಾರು ಮಾಡಿದರು ಎಂದು ಕೇಳುತ್ತೇವೆ. ಮೂರನೆಯ ಸಂಪುಟದ (1979) ಮುನ್ನುಡಿಯಲ್ಲಿ ಹಯೆಕ್ ಅವರೇ ‘ಸ್ಪಾಂಟೇನಿಯಸ್’ಗೆ ಬದಲು ‘ತನ್ನನ್ನು ತಾನೇ ಹುಟ್ಟಿಸಿಕೊಳ್ಳುವ’ ಎಂಬರ್ಥದ ಪದದ ಕಡೆ ವಾಲಿದ್ದಾರೆ. ಹಾಗಾಗಿ ‘ತಾನಾಗಿ ಮೂಡಿದ ಕ್ರಮ’ ಎನ್ನಿ. ‘ಕ್ರಮ’ಕ್ಕೆ ‘ಕ್ರಮ ಕೈಗೊಳ್ಳಲಾಗುವುದು’ ಎಂಬ ಸರ್ಕಾರಿ ಮೈಲಿಗೆ ಅಂಟಿದೆ, ನಿಜ. ಆದರೆ ‘ತಾನಾಗಿ ಮೂಡಿದ’ ಎಂಬುದು ಮುಂದೆ ನಿಂತರೆ ಅದು ತೊಳೆದುಹೋಗುತ್ತದೆ.

ಇಂಥ ಕ್ರಮಕ್ಕೆ ಓದುಗರಿಗೆ ಉದಾಹರಣೆ ಬೇಕಾದರೆ ಪೇಟೆಯ ಬೆಲೆಗೆ ಹೇಳುವ ‘ಧಾರಣೆ’ ಪದವನ್ನು ತೋರಿಸಿ. ಶಿರಸಿಯ ಅಡಿಕೆ ಪಟ್ಟಿ ತೆಗೆದುಕೊಳ್ಳಿ: ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಒಂದೊಂದರ ಮುಂದೆ ಕ್ವಿಂಟಲ್‌ಗೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು. ವರ್ತಕರು ಲಾಟು ಲಾಟಿಗೂ ಟೆಂಡರ್ ಬರೆದ ಮೇಲೆ ನಿಂತ ಅಂಕಿ ಅದು. ಅದನ್ನು ‘ನಿಗದಿ ಮಾಡಿದವರು’ ಯಾರೂ ಇಲ್ಲ. ಭಾಷೆಯೂ ಹಾಗೇ ನಡೆದುಕೊಳ್ಳುತ್ತದೆ: ಧಾರಣೆ ಏರುತ್ತದೆ, ಇಳಿಯುತ್ತದೆ, ಕುಸಿಯುತ್ತದೆ, ಬಸ್ಸಿನ ದರ, ವಿದ್ಯುತ್ ದರವನ್ನಾದರೆ ಏರಿಸುತ್ತಾರೆ, ಪರಿಷ್ಕರಿಸುತ್ತಾರೆ. ‘ಚಿನ್ನದ ದರ ಏರಿಕೆ’ ಎಂದೂ ಬರೆಯುವುದರಿಂದ ‘ದರ’ ಎರಡು ಮನೆಯ ನೆಂಟ. ‘ಧಾರಣೆ’ ಮಾತ್ರ ಪೇಟೆ ಬಿಟ್ಟು ಕದಲುವುದಿಲ್ಲ. 1945ರ ಪ್ರಬಂಧದಲ್ಲಿ ಹಯೆಕ್ ತವರದ ಉದಾಹರಣೆ ಕೊಡುತ್ತಾರೆ. ತವರ ಏಕೆ ದುಬಾರಿಯಾಯಿತೆಂದು ಬಳಸುವವರಿಗೆ ತಿಳಿಯಬೇಕಿಲ್ಲ, ಬೆಲೆ ಏರಿದ್ದು ಕಂಡರೆ ಸಾಕು, ಮಿತವಾಗಿ ಬಳಸುತ್ತಾರೆ. ಅಡಿಕೆಯ ಕೊಳೆರೋಗ ಯಾವ ತೋಟಕ್ಕೆ ಬಂತೆಂದು ಗೊತ್ತಿಲ್ಲದೆಯೂ ದೂರದೂರಿನ ಖರೀದಿದಾರ ಧಾರಣೆ ನೋಡಿ ಕೈ ಬಿಗಿಹಿಡಿಯುವುದು ಇದೇ ಬಗೆಯಲ್ಲಿ.

ಮತ್ತೊಬ್ಬರ ಸೇರ್ಪಡೆ: ಮೇಲಿನದಕ್ಕೆ ನನ್ನ ಸಹಮತವಿದೆ. ‘ನೊಮೊಸ್’ಗೆ ‘ಕಟ್ಟಳೆ’ ಎಂದು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಬೆಳೆದುಬಂದದ್ದೆಂಬುದು ಸರಿಯೇ, ಆದರೆ ಕುಲದ ಕಟ್ಟಳೆ ಮುರಿದವನಿಗೆ ಬಹಿಷ್ಕಾರ ಹಾಕುತ್ತಿದ್ದ ನೆನಪು ಆ ಪದದಲ್ಲಿದೆ. ಇಲ್ಲಿ ಹೇಳುತ್ತಿರುವ ಕಾನೂನು ಎಲ್ಲರಿಗೂ ಒಂದೇ ಆಗಿದ್ದು, ಒಬ್ಬೊಬ್ಬನ ಸುತ್ತ ಬೇಲಿ ಹಾಕಿ ಕಾಯುವಂಥದ್ದು.

‘ಮುಕ್ತ ಮಾರುಕಟ್ಟೆ’ ಚಲಾವಣೆಯಲ್ಲಿದೆ, ಇರಲಿ. ‘ಪ್ಲಾಸ್ಟಿಕ್ ಮುಕ್ತ’ದ ಬಳಕೆಯಿಂದಾಗಿ ‘ನಿಯಮವೇ ಇಲ್ಲದ್ದು’ ಎಂಬ ಭಾವ ಬರದಂತೆ ನೋಡಿಕೊಳ್ಳಿ. ಆಡಂ ಸ್ಮಿತ್ 1776ರಲ್ಲೇ ನ್ಯಾಯದ ಕಾನೂನುಗಳನ್ನು ಮುರಿಯದಿರುವವರೆಗೆ ಎಂಬ ಷರತ್ತು ಹಾಕಿಯೇ ತನ್ನ ಹಿತವನ್ನು ತನ್ನದೇ ದಾರಿಯಲ್ಲಿ ಅರಸುವ ಸ್ವಾತಂತ್ರ್ಯವನ್ನು ಪ್ರತಿಯೊಬ್ಬನಿಗೂ ಕೊಟ್ಟಿದ್ದು. ಸ್ಮಿತ್, ಹಯೆಕ್‌ರಂತೆ ಕಾನೂನಿನಡಿಯ ವ್ಯಕ್ತಿ ಸ್ವಾತಂತ್ರ್ಯವನ್ನು ಎತ್ತಿಹಿಡಿಯುವ ‘ಕ್ಲಾಸಿಕಲ್ ಲಿಬರಲ್’ಗೆ ‘ಶಾಸ್ತ್ರೀಯ ಉದಾರವಾದಿ’ ಸಾಕು. ‘ಕ್ಲಾಸಿಕಲ್’ಗೆ ಬಳಸುವ ಇನ್ನೊಂದು ಪದ ‘ಅಭಿಜಾತ’ ಬೇಡ, ಅದು ಮೂಲದಲ್ಲಿ ಒಳ್ಳೆಯ ಕುಲದಲ್ಲಿ ಹುಟ್ಟಿದ್ದು. ಹುಟ್ಟಿನ ಸವಲತ್ತನ್ನು ವಿರೋಧಿಸಿದವರಿಗೆ ಆ ಹಣೆಪಟ್ಟಿ ತಮಾಷೆಯಾಗುತ್ತದೆ.

‘ಕೆಟಲಾಕ್ಸಿ’ಯನ್ನು ಹಾಗೇ ಬಿಡಬೇಕಾಗಿಲ್ಲ. ಅದರ ಮೂಲದ ಗ್ರೀಕ್ ಕ್ರಿಯಾಪದಕ್ಕೆ ವಿನಿಮಯ ಮಾಡು ಎಂಬುದರ ಜೊತೆಗೆ ಸಮುದಾಯದೊಳಕ್ಕೆ ಸೇರಿಸಿಕೊ, ಹಗೆಯನ್ನು ಗೆಳೆಯನಾಗಿಸು ಎಂಬ ಅರ್ಥಗಳೂ ಇವೆ. ಹಯೆಕ್ ಆ ಪದ ಹಿಡಿದದ್ದರ ಹಿಂದೆ ಇವೂ ಇವೆ. ‘ವಿನಿಮಯ ವ್ಯವಸ್ಥೆ’ ಎಂದರೆ ಮೊದಲ ಅರ್ಥ ಮಾತ್ರ ದಾಟುತ್ತದೆ. ನಮ್ಮ ‘ಕೊಳುಕೊಡೆ’ಗೆ ವ್ಯಾಪಾರವೂ ಗೊತ್ತು, ಎರಡು ಮನೆತನ ಹೆಣ್ಣು ಕೊಟ್ಟು ತಂದು ನಂಟರಾಗುವುದೂ ಗೊತ್ತು. ಮೊದಲ ಸಲ ಬಂದಾಗ ‘ಮಾರುಕಟ್ಟೆಯ ಕೊಳುಕೊಡೆ’ ಎಂದು ಪೂರ್ತಿ ಬರೆಯಿರಿ. ಬರೀ ‘ಕೊಳುಕೊಡೆ’ ಎಂದು ಅಧ್ಯಾಯ ಶುರು ಮಾಡಿದರೆ, ಮದುವೆ ಮಾತುಕತೆ ಎಲ್ಲಿ ಬಂತೆಂದು ಓದುಗರು ನಾಲ್ಕು ಪುಟ ಹುಡುಕುತ್ತಾರೆ.