ಒಂದು ರೂಪಾಯಿ ನಾಣ್ಯ ನಿಲ್ಲಿಸಿದರೆ ನಷ್ಟ ಯಾರಿಗೆ?

ಅಂಕೋಲೆ ಅಂಗಡಿ:
2025ರ ನವೆಂಬರ್‌ನಲ್ಲಿ ಅಮೆರಿಕ ತನ್ನ ಒಂದು ಸೆಂಟಿನ ನಾಣ್ಯ ಅಚ್ಚು ಹಾಕುವುದನ್ನು ನಿಲ್ಲಿಸಿತಲ್ಲ, ಅವತ್ತಿಂದ ನನಗೆ ಇದೇ ಯೋಚನೆ. ನಮ್ಮಲ್ಲಿ 25 ಪೈಸೆ ಮತ್ತು ಅದಕ್ಕಿಂತ ಸಣ್ಣವು 2011ರ ಜೂನ್ 30ಕ್ಕೆ ಮುಗಿದವು. ಎಂಟಾಣೆ ಕಾನೂನಿನಲ್ಲಿ ಇನ್ನೂ ಇದೆ, ನನ್ನ ಗಲ್ಲಾಪೆಟ್ಟಿಗೆಗೆ ಬಾರದೆ ವರ್ಷಗಳಾದವು. ಹಾಗಾಗಿ ವ್ಯಾಪಾರಕ್ಕೆ ಒಂದು ರೂಪಾಯಿಯೇ ಕೊನೆಯದು.

ಬಸ್ ನಿಲ್ದಾಣದ ಹತ್ತಿರ ನನ್ನ ಕಿರಾಣಿ ಅಂಗಡಿ. ಬಸಳೆ ಮಾರಲು ಬರುವ ಹಾಲಕ್ಕಿ ಅಜ್ಜಿಯೊಬ್ಬರು ವಾಪಸ್ ಹೋಗುವಾಗ ಚಾಪುಡಿ ಒಯ್ಯುತ್ತಾರೆ. ಮೊನ್ನೆ 19 ರೂಪಾಯಿ ಆಯಿತು, 20 ಕೊಟ್ಟರು. 2019ರ ನಂತರದ ಸಣ್ಣ ನಾಣ್ಯ ಕೊಟ್ಟೆ. ಅದರ ಅಗಲ 20 ಮಿಲಿಮೀಟರ್, 2011ರ ಎಂಟಾಣೆಗಿಂತ ಒಂದೇ ಒಂದು ಮಿಲಿಮೀಟರ್ ಹೆಚ್ಚು. ಅಜ್ಜಿ ಹೆಬ್ಬೆರಳಲ್ಲಿ ಉಜ್ಜಿದರು, ಸೆರಗಿನ ಗಂಟು ಬಿಚ್ಚಿ ಹಳೆಯ ದೊಡ್ಡ ನಾಣ್ಯದ ಮೇಲಿಟ್ಟು ನೋಡಿದರು. "ಇದು ನಡೀತಿಲ್ಲ ತಮ್ಮಾ" ಅಂದರು. ಬೇರೆ ಇರಲಿಲ್ಲ, ಚಾಕಲೇಟ್ ಕೊಟ್ಟುಬಿಟ್ಟೆ. ಮಾತಾಡದೆ ತಗೊಂಡು ಹೋದರು. ಅವರ ಬಾಯಲ್ಲಿ ಹಲ್ಲಿಲ್ಲ ಅನ್ನುವುದು ಆಮೇಲೆ ನೆನಪಾಗಿ ಮನಸ್ಸಿಗೆ ಬಹಳ ಕಸಿವಿಸಿಯಾಯಿತು.

ನಾಣ್ಯ ನಿಲ್ಲಿಸಿದರೆ ದಿನವೂ ಹೀಗೇ ಅಲ್ಲವೇ? ನೀವೇನಂತೀರಿ?

ಶಿರಸಿ ಅಡಿಕೆ:
ನಿಲ್ಲಿಸುವುದೇ ಸರಿ. ಒಂದು ರೂಪಾಯಿ ತಯಾರಿಸಲು 1 ರೂಪಾಯಿ 11 ಪೈಸೆ ಬೀಳುತ್ತದೆ ಅಂತ 2018ರಲ್ಲೇ ಮಾಹಿತಿ ಹಕ್ಕಿನಲ್ಲಿ ಉತ್ತರ ಬಂದಿದೆ. ಈಗಂತೂ ಸೊಪ್ಪಿನವರೂ ಕ್ಯೂಆರ್ ಇಟ್ಟಿದ್ದಾರೆ, 19 ಅಂದರೆ 19 ಕಳಿಸಿದರಾಯಿತು.

ಕಾರವಾರ ಕಡೆಯವ:
ನಾಣ್ಯ ಒಬ್ಬರ ಕೈಯಲ್ಲಿ ಮುಗಿಯುವ ವಸ್ತುವಲ್ಲ, ವರ್ಷಗಟ್ಟಲೆ ಓಡಾಡುತ್ತದೆ. ಹನ್ನೊಂದು ಪೈಸೆಯ ಮಾತು ಬಿಡಿ. ಕೆನಡಾದವರು 2013ರಲ್ಲಿ ಒಂದು ಸೆಂಟ್ ಹಂಚುವುದನ್ನು ನಿಲ್ಲಿಸಿದಾಗ ನಗದು ಬಿಲ್ಲಿನ ಒಟ್ಟು ಮೊತ್ತವನ್ನು ಹತ್ತಿರದ ಐದಕ್ಕೆ ತರುವ ಕ್ರಮ ಇಟ್ಟುಕೊಂಡರು. ಎರಡಿದ್ದರೆ ಕೆಳಗೆ, ಮೂರಿದ್ದರೆ ಮೇಲೆ. ಕಾರ್ಡಿನಲ್ಲಿ ಕೊಟ್ಟರೆ ಇದ್ದಷ್ಟೇ. ಅಂಥ ನಿಯಮವಿಲ್ಲದೆ ನಮ್ಮಲ್ಲಿ ನಿಲ್ಲಿಸಿದರೆ ಎಲ್ಲವೂ ಮೇಲಕ್ಕೇ ಹೋಗುತ್ತದೆ.

ಇನ್ನೊಂದು. ಎರಡು ಮತ್ತು ಐದರ ನಾಣ್ಯ ಸಾಕಷ್ಟಿದ್ದರೆ ಒಂದರ ಲೆಕ್ಕವೂ ಕೂಡುತ್ತದೆ. ಅಜ್ಜಿ ಐದು ಕೊಟ್ಟು ಎರಡೆರಡು ವಾಪಸ್ ತಗೊಂಡರೆ ಒಂದು ಕೊಟ್ಟಂತೆ.

ಕುಮಟಾ ಭಟ್ಟರ ಮನೆ:
ಮುಯ್ಯಿಗೆ ನೂರು ಬರೆಯುವವರನ್ನು ನಾನು ನೋಡಿಲ್ಲ, ನೂರಾ ಒಂದೇ. ಲಕೋಟೆಗೇ ನಾಣ್ಯ ಅಂಟಿಸಿ ಮಾರುತ್ತಾರೆ. ಅದೂ ಲೆಕ್ಕದಲ್ಲಿರಲಿ.

ಅಂಕೋಲೆ ಅಂಗಡಿ:
ಕಾರವಾರದವರೇ, ನೀವು ಹೇಳಿದ ಐದು-ಎರಡರ ಲೆಕ್ಕ ಸರಿ. ಆದರೆ ಅಜ್ಜಿಯ ಸೆರಗಿನಲ್ಲೂ ನನ್ನ ಗಲ್ಲೆಯಲ್ಲೂ ಎರಡೂ ನಾಣ್ಯ ಒಟ್ಟಿಗೆ ಇರಬೇಕಲ್ಲ. ಬೆಂಕಿಪೊಟ್ಟಣ ನೋಡಿ. ಹದಿನಾಲ್ಕು ವರ್ಷ ಒಂದು ರೂಪಾಯಿ ಇತ್ತು, 2021ರ ಡಿಸೆಂಬರ್‌ನಲ್ಲಿ ಏರಿದಾಗ ಒಂದೂವರೆ ಆಗಲಿಲ್ಲ, ನೇರ ಎರಡಾಯಿತು. ಎಂಟಾಣೆ ಯಾರ ಕೈಯಲ್ಲೂ ಇಲ್ಲದ ಮೇಲೆ ಒಂದೂವರೆ ಎಲ್ಲಿಂದ ಬರಬೇಕು? ಒಂದು ರೂಪಾಯಿಯೂ ಹೋದರೆ ಶಾಂಪೂ ಪೊಟ್ಟಣಕ್ಕೂ ಇದೇ ಗತಿ. ಬಾಟಲಿ ಒಯ್ಯುವವರಿಗೆ ಅದು ಗೊತ್ತೂ ಆಗುವುದಿಲ್ಲ. ಅಜ್ಜಿಯ ಹತ್ತಿರ ಫೋನೂ ಇಲ್ಲ, ಶಿರಸಿಯವರೇ.

ಉದ್ರಿ ಪುಸ್ತಕದಲ್ಲಿ ಅಜ್ಜಿಗೆ ನಾನು ಕೊಡಬೇಕಾದ ಒಂದು ರೂಪಾಯಿ ಬರೆದಿಟ್ಟಿದ್ದೇನೆ. ಈ ಸಲ ಬಂದಾಗ ಹಳೆಯ ದೊಡ್ಡ ನಾಣ್ಯವನ್ನೇ ಹುಡುಕಿ ಕೊಡುತ್ತೇನೆ.